ಎಂಬತ್ತೇಳನೆಯ ಪುಟ

ಮದರಾಸಿನ ಅಡ್ಯಾರಿನಲ್ಲಿದ್ದ ಕ್ರೀಡಾ ಪ್ರೋತ್ಸಾಹಕ ಸಂಘದಲ್ಲಿ ರಮಾಬಾಯಿ ಇಪ್ಪತ್ತಾರು ವರ್ಷದಿಂದ ಟೈಪಿಸ್ಟ್. ಅಲ್ಲಿ ಕ್ರೀಡಾಪಟುಗಳು ಕಾಣಿಸುತ್ತಿದ್ದುದು ಕಡಿಮೆ. ಒಂದು ಮಹಡಿ ಹತ್ತಿ ಬಂದು ಹತ್ತು ನಿಮಿಷ ಏದುಸಿರು ಬಿಡುವ ಒಂಬತ್ತು ಪದಾಧಿಕಾರಿಗಳು ಮಾತ್ರ ತಪ್ಪದೆ ಬರುತ್ತಿದ್ದರು. ಮದರಾಸಿನಲ್ಲೇ ನಾಲ್ಕು ತಲೆಮಾರು ಕಳೆದ ಮಾಧ್ವ ಮನೆತನದ ರಮಾಬಾಯಿಗೆ ಒಂದೇ ಗೀಳು: ಹಾಳೆಯಲ್ಲಿ ತಪ್ಪು ಉಳಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

೨೦೦೪ರಲ್ಲಿ ಅಧ್ಯಕ್ಷ ಕಮಲಾಕರರಿಗೆ ಇತಿಹಾಸಕಾರರಾಗುವ ಹುಕಿ ಬಂತು. ದಕ್ಷಿಣ ಏಷ್ಯಾ ಕ್ರೀಡಾಕೂಟ ಕಾಠ್ಮಂಡುವಿನಲ್ಲಿ ಶುರುವಾಗಿ ಇಪ್ಪತ್ತು ವರ್ಷವಾಗಿತ್ತು. ತೊಂಬತ್ತೈದರಲ್ಲಿ ಅದು ಮದರಾಸಿನಲ್ಲೇ ನಡೆದಾಗ ಸಂಘದವರೆಲ್ಲ ಬ್ಯಾಡ್ಜ್ ಚುಚ್ಚಿಕೊಂಡು ಗ್ಯಾಲರಿಯಲ್ಲಿ ಕೂತಿದ್ದರು. ಕೂಟವನ್ನು ನಡೆಸಿದ್ದೇ ತಾವು ಎಂಬ ನಂಬಿಕೆ ಆಮೇಲೆ ನಿಧಾನವಾಗಿ ಬಲಿತಿತ್ತು.

"ಕೂಟದ ಚರಿತ್ರೆ ಪುಸ್ತಕ ಮಾಡೋಣ. ಬರೆಯೋದೆಲ್ಲಾ ನಾನೇ. ನೀವು ಸುಮ್ನೆ ಟೈಪ್ ಮಾಡಿದ್ರೆ ಸಾಕು," ಎಂದರು ಕಮಲಾಕರ.

ಅವರು ಬರೆದದ್ದು ಮುನ್ನುಡಿ. ಕೊಟ್ಟದ್ದು ತಮ್ಮ ಇಪ್ಪತ್ತೆರಡು ಫೋಟೋ, ಉದ್ಘಾಟನೆಯ ದಿನ ಗಣ್ಯರಿಗೆ ಬಡಿಸಿದ ಊಟದ ಪಟ್ಟಿ. ಉಳಿದ ನೂರಮೂವತ್ತು ಪುಟ ರಮಾಬಾಯಿಯ ಪಾಲಿಗೆ ಬಂತು.

ಹಳೆಯ ಫೈಲುಗಳನ್ನು ಕೆದಕುವಾಗ ಕೂಟದ ಸಂಘಟಕರು ತೊಂಬತ್ತಾರರಲ್ಲಿ ಕಳಿಸಿದ್ದ ಒಂದು ಪತ್ರ ಸಿಕ್ಕಿತು. ಮಹಿಳೆಯರ ಎಂಟುನೂರು ಮೀಟರ್ ಓಟದಲ್ಲಿ ಮೂರನೆಯವಳ ಫಲಿತಾಂಶ ರದ್ದಾಗಿ, ನಾಲ್ಕನೆಯವಳಾದ, ನಿಮ್ಮ ಸಂಘದ ಸದಸ್ಯೆ ಎಣ್ಣೂರಿನ ಸುಗುಣಾಗೆ ಕಂಚು ಸಂದಿದೆ. ಪದಕ ಲಗತ್ತಿಸಿದೆ, ತಲುಪಿಸಿರಿ. ತಲುಪಿಸಿದ ರಸೀದಿ ಎಲ್ಲೂ ಇರಲಿಲ್ಲ.

ಪದಕವನ್ನು ಹುಡುಕಬೇಕಾಗಿರಲಿಲ್ಲ. ಎಂಟು ವರ್ಷದಿಂದ ಅಧ್ಯಕ್ಷರ ಕೋಣೆಯ ಗಾಜಿನ ಕಪಾಟಿನಲ್ಲಿತ್ತು. "ಸಾರ್ ಓಡ್ತಿದ್ರಾ?" ಎಂದು ಬಂದವರು ಕೇಳಿದರೆ ಕಮಲಾಕರ ಹೌದೆನ್ನುತ್ತಿರಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು, "ಅದೆಲ್ಲಾ ಒಂದು ಕಾಲ," ಎನ್ನುತ್ತಿದ್ದರು.

ರಮಾಬಾಯಿ ಪತ್ರದ ಸಂಗತಿಯನ್ನು ಎಂಬತ್ತೇಳನೆಯ ಪುಟಕ್ಕೆ ಸೇರಿಸಿದರು. ಕಮಲಾಕರ ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. "ಖುಷಿ ಸಮಾಚಾರದಲ್ಲಿ ಈ ನೆಗೆಟಿವ್ ಎಲ್ಲ ಬೇಡ ರಮಾಬಾಯಿ."

"ಫಲಿತಾಂಶ ತಪ್ಪಾಗ್ತದಲ್ಲ ಸಾರ್."

"ಯಾರು ಓದ್ತಾರೆ?"

ಆ ಮಾತು ರಮಾಬಾಯಿಗೆ ಧೈರ್ಯ ಕೊಟ್ಟಿತು. ಮುದ್ರಣಕ್ಕೆ ಕೊನೆಯ ಪ್ರತಿ ಸಿದ್ಧಪಡಿಸುವಾಗ ಹೊಡೆದುಹಾಕಿದ್ದನ್ನು ಅಕ್ಷರ ಬಿಡದೆ ಮತ್ತೆ ಟೈಪ್ ಮಾಡಿದರು. ಕರಡಚ್ಚು ಅಧ್ಯಕ್ಷರ ಮೇಜಿಗೆ ಹೋದ ಮೂರು ದಿನ ಅವರ ಮೊಸರನ್ನದ ಡಬ್ಬಿ ತೆರೆಯದೆಯೇ ಮನೆಗೆ ವಾಪಸಾಯಿತು. ಕಮಲಾಕರ ಫೋಟೋಗಳನ್ನು ಮಾತ್ರ ನೋಡಿ, ಒಂದರಲ್ಲಿ ತಲೆ ಬೋಳಾಗಿ ಕಾಣುತ್ತದೆಂದು ಬದಲಿಸಿ ಸಹಿ ಹಾಕಿದರು.

ಪುಸ್ತಕ ಬಿಡುಗಡೆಯಾಯಿತು. ಒಂಬತ್ತು ಪದಾಧಿಕಾರಿಗಳೂ ತಂತಮ್ಮ ಚಿತ್ರವಿದ್ದ ಪುಟ ತೆಗೆದು ಹೆಂಡತಿಯರಿಗೆ ತೋರಿಸಿದರು. ರಮಾಬಾಯಿ ಒಂದು ಪ್ರತಿಯನ್ನು ಸುಗುಣಾಳ ಹಳೆಯ ಸದಸ್ಯತ್ವದ ಅರ್ಜಿಯಲ್ಲಿದ್ದ ಎಣ್ಣೂರಿನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದರು.

ಹದಿನೈದು ದಿನಕ್ಕೆ ಸುಗುಣಾ ಬಂದಳು. ಮೂವತ್ತು ದಾಟಿದ, ಮೀನು ಕಂಪನಿಯೊಂದರಲ್ಲಿ ಸೀಗಡಿ ಸುಲಿಯುವ ಹೆಂಗಸು. ಕಮಲಾಕರರ ಕೋಣೆಯಲ್ಲಿ ಅತಿಥಿಗಳಿದ್ದರು. ಅವಳು ನೇರ ಒಳಗೆ ಹೋಗಿ ಪುಟ ಬಿಡಿಸಿ ತಮಿಳಿನಲ್ಲಿ ಕೇಳಿದಳು: "ಇದರಲ್ಲಿ ನನ್ನ ಪದಕ ನಿಮ್ಮ ಹತ್ತಿರ ಬಂತು ಅಂತಿದೆ. ಎಲ್ಲಿ?"

ಕಮಲಾಕರ ಎಂಬತ್ತೇಳನೆಯ ಪುಟವನ್ನು ಮೊದಲ ಸಲ ಓದಿದರು. ಬಾಗಿಲಲ್ಲಿ ನಿಂತಿದ್ದ ರಮಾಬಾಯಿಯನ್ನು ನೋಡಿದರು. ಆಮೇಲೆ ಅತಿಥಿಗಳ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಎಂಟು ವರ್ಷ ಈ ಮಗಳನ್ನ ಹುಡುಕಿದ್ದೀನಿ. ಅದಕ್ಕೇ ಕಾಪಾಡಿ ಇಟ್ಟಿದ್ದೆ."

ಅಲ್ಲೇ ಸಮಾರಂಭವಾಯಿತು. ಫೋಟೋ ತೆಗೆದರು. ಅದರಲ್ಲಿ ಪದಕದ ಒಂದು ಅಂಚು ಕಮಲಾಕರರ ಬೆರಳಲ್ಲೇ ಇತ್ತು.

ಎಲ್ಲರೂ ಕಾಫಿಗೆ ಎದ್ದಾಗ ಸುಗುಣಾ ಟೈಪ್‌ರೈಟರ್ ಬಳಿ ಬಂದು ಕೂತಳು. "ತೊಂಬತ್ತಾರರಲ್ಲೇ ಸಿಕ್ಕಿದ್ದರೆ ರೈಲ್ವೆಯಲ್ಲಿ ಕ್ರೀಡಾ ಕೋಟಾದ ಕೆಲಸ ಇತ್ತಮ್ಮ. ಈಗ ವಯಸ್ಸು ಮೀರಿತು."

ತಾನೂ ಅದೇ ಕಪಾಟಿನ ಧೂಳು ಹೊಡೆಸುತ್ತಿದ್ದೆನೆಂಬುದು ರಮಾಬಾಯಿಯನ್ನು ಚುಚ್ಚಿತು.

"ಬೇರೆ ಏನಾದರೂ ಕೆಲಸ?" ಎಂದು ಕೇಳಿದರು.

"ತಿರುವೊಟ್ಟಿಯೂರಿನ ಒಂದು ಶಾಲೆಯಲ್ಲಿ ಓಟ ಕಲಿಸೋಕೆ ಆಳು ಬೇಕಂತೆ. ಪದಕ ಗೆದ್ದದ್ದಕ್ಕೆ ಕಾಗದ ಕೇಳ್ತಾರೆ."

ರಮಾಬಾಯಿ ಸಂಘದ ಲೆಟರ್‌ಹೆಡ್ ಏರಿಸಿ ಪ್ರಮಾಣಪತ್ರ ಟೈಪ್ ಮಾಡಿದರು. ಅತಿಥಿಗಳು ಇನ್ನೂ ಎದುರಿಗಿದ್ದುದರಿಂದ ಕಮಲಾಕರ ಓದದೆ ಸಹಿ ಹಾಕಿದರು. ಜೂನ್‌ನಲ್ಲಿ ಸುಗುಣಾ ಆ ಶಾಲೆಗೆ ಸೇರಿದಳು.