ಸೆರಗು ಸುತ್ತಿದ ಕೈ

ಅಂಕಲಿಯಲ್ಲಿ ಬಸ್ಸಿಳಿದ ಮೊದಲ ದಿನವೇ ಗಂಡಸೊಬ್ಬ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದವನು ಬಿಡಲೇ ಇಲ್ಲ. ಮೈಸೂರಿನಲ್ಲಿ ಪರಗಂಡಸಿನ ಕೈ ತಾಗಿದರೆ ಸರಿದು ನಿಲ್ಲುವವಳು ನಾನು. ಇಲ್ಲಿ ಆ ಕೈ ಹಿಡಿಯುವುದೇ ನನ್ನ ಕೆಲಸವಾಗಿತ್ತು.

ಅವನು ಕಲ್ಲಪ್ಪ. ಕಣ್ಣು ಕಾಣದು, ಕಿವಿ ಕೇಳದು. ದೂರದ ವಸತಿಶಾಲೆಯಲ್ಲಿ ಅಂಗೈ ಮೇಲೆ ಬೆರಳಿನಿಂದ ಬರೆದು ಮಾತಾಡುವುದನ್ನು ಕಲಿತಿದ್ದ. ವಯಸ್ಸು ಮೀರಿತೆಂದು ಶಾಲೆ ಅವನನ್ನು ಊರಿಗೆ ಕಳಿಸಿತ್ತು. ಇಂಥ ಮಕ್ಕಳು ದೊಡ್ಡವರಾಗಿ ಮನೆಗೆ ಮರಳಿದಾಗ ನೆರವಾಗಲೆಂದು ನಾನು ರಾಯಬಾಗಕ್ಕೆ ಬಂದು ನೆಲೆಸಿದ್ದೆ, ಅಲ್ಲಿಂದ ಬಸ್ಸಿನಲ್ಲಿ ಅಂಕಲಿಗೆ ಹೋಗುತ್ತಿದ್ದೆ.

ನನ್ನ ಬಾಡಿಗೆ ಕೋಣೆಯ ಒಡತಿ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಿದ್ದರು. ಊಟಕ್ಕೆ ಕರೆದರೂ ನನಗೆ ಬೈದಂತೆ ಕೇಳುತ್ತಿತ್ತು. ಒಣಗಿ ಗಟ್ಟಿಯಾದ ಜೋಳದ ಕಟಿರೊಟ್ಟಿ ಕಡಿದು ಒಸಡು ಹುಣ್ಣಾಯಿತು. ಅದೆಲ್ಲ ಹೇಗೋ ಒಗ್ಗಿತು, ಭಯ ಮಾತ್ರ ಒಗ್ಗಲಿಲ್ಲ.

ಕಲ್ಲಪ್ಪನ ಅವ್ವ ಮತ್ತು ತಮ್ಮ ಶಿವಪುತ್ರ ಬೆಳಗ್ಗೆ ಹೊಲಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಒಂದು ಮಧ್ಯಾಹ್ನ ಹೋಗಿ ನೋಡುತ್ತೇನೆ, ಕಲ್ಲಪ್ಪ ಪಡಸಾಲೆಯಲ್ಲಿ ಕೂತು ತನ್ನದೇ ಅಂಗೈ ಮೇಲೆ 'ಯಾರು? ಯಾರು?' ಎಂದು ಬರೆದುಕೊಳ್ಳುತ್ತಿದ್ದಾನೆ. ಊಟದ ತಾಟು ಪಕ್ಕದಲ್ಲೇ ಆರಿದೆ. ದಿನವಿಡೀ ಯಾರೂ ಮುಟ್ಟದಿದ್ದರೆ ಇವನು ಕಲಿತ ಮಾತನ್ನೂ ಮರೆತುಬಿಡುತ್ತಾನೆ ಅನ್ನುವ ಭಯಕ್ಕೆ ಓಡಿಹೋಗಿ ಅವನ ಕೈ ಹಿಡಿದೆ.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಶಿವಪುತ್ರನ ಹೊಸ ಹೆಂಡತಿ ಸುನಂದಾ. ಕಣ್ಣು ಕಾಣದ ಭಾವನ ಮುಂದೆಯೂ ತಲೆತುಂಬ ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುತ್ತಿದ್ದಳು.

"ನೀನಾದರೂ ಅವನ ಕೈಯಲ್ಲಿ ಬರೆಯಬಾರದಾ?" ಎಂದೆ.

"ಭಾವಗ ಮುಟ್ಟೂ ಪದ್ಧತಿ ನಮ್ಮಲ್ಲಿ ಇಲ್ರಿ, ಅಕ್ಕೋರ. ಮಂದಿ ಏನಂದಾರು?"

ಅಕ್ಕೋರು ಎಂದರೆ ಇಲ್ಲಿ ಟೀಚರಮ್ಮ. ನಮ್ಮ ಮನೆಯಲ್ಲಿ ಭಾವನ ಜೊತೆ ಹರಟೆ ಹೊಡೆಯುತ್ತೇವೆ. ಇಲ್ಲಿ ಕಲ್ಲಪ್ಪನಿಗೆ ಮುಟ್ಟುವುದೊಂದೇ ಮಾತು, ಆ ಮಾತೇ ನಿಷಿದ್ಧ. ಅಂದು ನಾನು ಅಳುತ್ತಲೇ ಬಸ್ಸು ಹತ್ತಿದೆ.

ಮುಂದಿನ ವಾರ ಹೋದಾಗ ಸುನಂದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಭಾವನ ಅಂಗೈ ಮೇಲೆ 'ಊಟ' ಎಂದು ಬರೆಯುತ್ತಿದ್ದಳು. ಬಾಗಿಲ ಹಿಂದಿನಿಂದ ನನ್ನನ್ನು ನೋಡಿಯೇ ಕಲಿತಿದ್ದಳು, ಕಳ್ಳಿ!

"ನಡುವ ಅರಿವಿ ಐತಲ್ರಿ, ಮುಟ್ಟಿದಂಗ ಆಗಂಗಿಲ್ಲ" ಎಂದು ಬೆರಳಿಗೆ ಸುತ್ತಿದ ಬಟ್ಟೆ ತೋರಿಸಿದಳು.

ಅಂದು ಹೊಲಕ್ಕೆ ಹೋಗದೆ ಉಳಿದಿದ್ದ ಅತ್ತೆ ನೋಡಿಯೂ ನೋಡದಂತೆ ಒಳಗೆ ಹೋದರು.

ನಾನು ಉಸಿರು ಬಿಡುವಷ್ಟರಲ್ಲಿ ಅವಳು ಚೊಚ್ಚಲ ಹೆರಿಗೆಗೆ ಬೇಡಕಿಹಾಳದ ತವರಿಗೆ ಹೊರಟಳು. ಮತ್ತೆ ಅದೇ ಪಡಸಾಲೆ, ಅದೇ ಒಂಟಿತನ ಎಂದು ಹೆದರುತ್ತಲೇ ಅಂಕಲಿಗೆ ಹೋದೆ. ಶಿವಪುತ್ರ ನಡುಮಧ್ಯಾಹ್ನ ಹೊಲ ಬಿಟ್ಟು ಬಂದು ಅಣ್ಣನ ಅಂಗೈ ಮೇಲೆ ತಡವರಿಸುತ್ತ ಬರೆಯುತ್ತಿದ್ದ.

"ಇದನ್ನ ಕಲೀಲಿಲ್ಲಂದ್ರ ನನ್ನ ಕರೀಲಾಕ ಬರಬ್ಯಾಡ ಅಂದ ಹೋಗ್ಯಾಳ್ರಿ" ಎಂದು ನಾಚಿ ನಕ್ಕ.

ಕಲ್ಲಪ್ಪ ತಮ್ಮನ ಬರಿ ಬೆರಳುಗಳನ್ನು ಒಂದೊಂದಾಗಿ ತಡವಿದ. ಆಮೇಲೆ ಅವನ ಅಂಗೈ ಮೇಲೆ ಬರೆದ: 'ಅರಿವಿ ಎಲ್ಲಿ?'

ರಜೆಗೆ ಮೈಸೂರಿಗೆ ಬಂದಿದ್ದೇನೆ. ಅಮ್ಮ ಅಡುಗೆಮನೆಯಿಂದಲೇ ಕೂಗಿ ಮಾತಾಡಿಸುತ್ತಾಳೆ, ಎಲ್ಲವೂ ಕೇಳಿಸುತ್ತದೆ. ಆದರೂ ಸಂಜೆಯಾದರೆ, ಇವತ್ತು ಯಾರೂ ನನ್ನ ಕೈ ಹಿಡಿಯಲಿಲ್ಲವಲ್ಲ ಎಂದು ಹೆದರಿಕೆಯಾಗುತ್ತದೆ. ಈ ಮನೆಯಲ್ಲಿ ಅದನ್ನು ಯಾರಿಗೆ, ಹೇಗೆ ಹೇಳಲಿ?