ಮುಂಡರಗಿಯ ಒನ್ಸ್ ಮೋರ್

ಗದಗಿನ್ಯಾಗ ನಾಟಕ ಕಂಪನಿಯೊಳಗ ನಾನು ಕುಣಕೊಂತ ಹಾಡಿದ್ರ ಮಂದಿ 'ಒನ್ಸ್ ಮೋರ್' ಅಂತ ಒದರತಿದ್ರು. ಸತ್ತು ಬಿದ್ದ ಪಾತ್ರದಾಗೂ ಎದ್ದು ಮತ್ತೊಮ್ಮಿ ಹಾಡೀನಿ. ಮುಂದ ಸಿನಿಮಾಕ್ಕ ಹೋದೆ. ಅಲ್ಲಿ ಒಂದು ಹಾಡಿಗೆ ಕುಣಿತ ನಂದು, ದನಿ ಬ್ಯಾರೆ ಒಬ್ಬಾಕಿದು. ಅದೊಂದು ಹಾಡಿನಿಂದನ ನನಗ ಹೆಸರು ಬಂತು.

ಮೊನ್ನೆ ಮುಂಡರಗಿಯಾಗ ಸನ್ಮಾನ ಮಾಡಿ, ಅದ ಹಾಡು ಹಾಡ್ರಿ ಅಂದ್ರು. ಹಾಡಿದೆ. ಮಂದಿ ಮಾರಿ ಮಾರಿ ನೋಡಕೊಂಡ್ರು. ಮುಂದ ಕುಂತ ಒಬ್ಬಾಕಿ, "ಪಾಪ, ದನಿ ಕೆಟ್ಟೈತಿ" ಅಂದ್ಲು. ಕೆಟ್ಟಿಲ್ಲಬೇ, ನನ್ನ ದನೀನ ಇದು ಅನ್ನೂವಷ್ಟು ಸಿಟ್ಟು ಬಂತು. ಅಷ್ಟರಾಗ ಯಾರೋ ಸಿನಿಮಾದ ಅದ ಹಾಡಿನ ರೆಕಾರ್ಡ್ ಹಚ್ಚಿದ್ರು. ನಾನು ಸುಮ್ಮನ ತುಟಿ ಆಡಿಸಿದೆ.

"ಒನ್ಸ್ ಮೋರ್!" ಅಂತ ಒದರಿದ್ರು.

ನಾಚಿಕಿಗೇಡಿ ನಾನು, ಮತ್ತೊಮ್ಮಿ ತುಟಿ ಆಡಿಸಿದೆ.