ಚಿಪ್‌ಸೆಟ್ ಮೇಲಿನ ಜೀರುಂಡೆ

ನಿಮ್ಮ ಮನೆಯಲ್ಲಿ ಜೀರುಂಡೆ ಇದೆಯೇ ಎಂದು ಕೇಳಲು ಮೂರು ವಾರದ ಹಿಂದೆ ವಿಕ್ರೋಳಿಯಿಂದ ನನಗೊಂದು ಫೋನ್ ಬಂತು.

ಮುಂಬಯಿಯ ಸಯನ್‌ನ ನಾಲ್ಕನೇ ಮಹಡಿಯಲ್ಲಿ ಜೀರುಂಡೆ? ಪಾರಿವಾಳ ಇದೆ. ಜಿರಲೆ ಇದೆ (ಇಲ್ಲ ಎಂದು ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ಠರಾವು ಆಗಿದೆ). ಜೀರುಂಡೆ ಮಾತ್ರ ಇಲ್ಲ.

ಫೋನ್ ಮಾಡಿದವರು ಶಕುಂತಲಾ. ಫೋರ್ಟಿನ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಬಾಗಲಕೋಟೆ ಕಡೆಯವರು, ತಂದೆ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಹುಟ್ಟಿನಿಂದ ಕಣ್ಣು ಕಾಣದ ಶಕುಂತಲಾ ನಲವತ್ತು ದಾಟಿದ ಮೇಲೆ ಕನ್ನಡ ಎಂ.ಎ.ಗೆ ಕೂತಿದ್ದಾರೆ. ಪಠ್ಯಪುಸ್ತಕಗಳನ್ನು ನಾನು ಓದಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಲೋಕಲ್ ರೈಲಿನಲ್ಲಿ ಹೋಗುತ್ತ ಬರುತ್ತ ಅವರು ಇಯರ್‌ಫೋನಿನಲ್ಲಿ ಕೇಳುತ್ತಾರೆ. ಇನ್ನು ಒಂದೇ ಪೇಪರ್ ಬಾಕಿ. ಅದು ಈಗಾಗಲೇ ಒಮ್ಮೆ ಕೈಕೊಟ್ಟಿದೆ. ನಿಯಮದ ಪ್ರಕಾರ ಈ ಸಲದ್ದು ಕೊನೆಯ ಅವಕಾಶ. ಫೋನ್ ಬಂದಾಗ ಪರೀಕ್ಷೆಗೆ ಐದು ವಾರ ಇತ್ತು.

"ಸರ್ರ, ಪಾಠ ಛಲೋ ಓದೀರಿ. ಆದ್ರ ನಿಮ್ಮ ಹಿಂದ ಒಂದು ಜೀರುಂಡಿ ಕುಂತೈತ್ರಿ. ನಿಮ್ಮ ದನಿಗಿಂತ ಅದರ ದನೀನ ಜೋರೈತಿ. ಅರ್ಧ ತಾಸಿನ ಮ್ಯಾಲೆ ಕೇಳಾಕ ಆಗವಲ್ದು, ತಲಿ ಹಿಡೀತೈತಿ."

ನಾನು ರೆಕಾರ್ಡಿಂಗ್ ಹಾಕಿ ಕೇಳಿದೆ. ನನ್ನ ದನಿ ಬಿಟ್ಟರೆ ಏನೂ ಇಲ್ಲ.

"ಏನೂ ಕೇಳಿಸುತ್ತಿಲ್ಲವಲ್ಲ?"

"ನಿಮಗ ವಯಸ್ಸೆಷ್ಟ್ರಿ?"

"ಅರವತ್ತೇಳು."

"ಹಂಗಾರ ನಿಮಗ ಕೇಳಂಗಿಲ್ಲ ಬಿಡ್ರಿ."

ವಯಸ್ಸಾದಂತೆ ತೀರ ಸಣ್ಣ, ಚೂಪಾದ ಸದ್ದುಗಳು ಕಿವಿಗೆ ಬೀಳುವುದಿಲ್ಲ. ಫಿಸಿಕ್ಸ್ ಕಲಿಸುತ್ತಿದ್ದಾಗ ನಾನೇ ಇದನ್ನು ವರ್ಷವರ್ಷವೂ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಬೇರೆಯವರ ಕಿವಿಗಳ ಬಗ್ಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

(ಮೊಬೈಲಿನಲ್ಲಿ ರೆಕಾರ್ಡ್ ಮಾಡಬಾರದೇ ಎಂದು ನೀವು ಕೇಳುತ್ತೀರಿ. ಮಾಡಿದ್ದೆ. ಅಲಂಕಾರದ ಪಾಠದ ನಡುವೆ ಮೂರು ಸಲ ಪರ್ಸನಲ್ ಲೋನ್ ಬೇಕೇ ಎಂದು ಫೋನ್ ಬಂತು. ಇನ್ನೊಂದು ಕೋಣೆಗೆ ಹೋಗೋಣವೆಂದರೆ ಅಲ್ಲಿ ನನ್ನ ಹೆಂಡತಿ ವಸುಧಾ ಟ್ಯೂಷನ್ ಹೇಳುತ್ತಾಳೆ.)

ಮೊದಲು ಸುಲಭದ ದಾರಿ ಹಿಡಿದೆ. ಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕಿದೆ. ಸದ್ದಿನ ಜೊತೆ ನನ್ನ ‘ಶ’ಕಾರವೂ ಹೋಯಿತು. ಶಕುಂತಲಾ ‘ಅಕುಂತಲಾ’ ಆದರು. ಕನ್ನಡ ಎಂ.ಎ.ಗೆ ಇದು ಆಗುವ ಮಾತೇ?

ಸರಿ, ಪ್ರಯೋಗ. ಮನೆಯ ಒಂದೊಂದೇ ಯಂತ್ರ ಆಫ್ ಮಾಡಿ, ಒಂದೊಂದು ನಿಮಿಷ ರೆಕಾರ್ಡ್ ಮಾಡಿ, ನಂಬರ್ ಹಾಕಿ ಶಕುಂತಲಾಗೆ ಕಳಿಸಿದೆ. ಫ್ರಿಜ್, ಸೀಲಿಂಗ್ ಫ್ಯಾನ್, ಟ್ಯೂಬ್‌ಲೈಟ್. ಕೊನೆಗೆ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಒಳಗಿನ ಒಂದೊಂದೇ ಫ್ಯಾನನ್ನು ಬೆಂಕಿಕಡ್ಡಿಯಿಂದ ಹತ್ತು ಸೆಕೆಂಡ್ ತಡೆದು ಹಿಡಿದೆ. ಮರುದಿನ ಉತ್ತರ ಬಂತು.

"ಐದನೇದ್ರಾಗ ನಡುವ ಜೀರುಂಡಿ ನಿಂತಿತ್ರಿ. ಹತ್ತು ಎಣಸೂದ್ರಾಗ ಮತ್ತ ಶುರು ಆತು."

ಐದನೆಯದು ಯಾವುದು? ನೆನಪಿರುತ್ತದೆ ಎಂದು ನಾನು ಬರೆದಿಟ್ಟಿರಲಿಲ್ಲ. ಫ್ರಿಜ್ ಇರಬೇಕು ಎಂದೆ.

"ಫ್ರಿಜ್ ಒಂದನೆಯದು," ಎಂದಳು ವಸುಧಾ. "ಮತ್ತೆ ಆನ್ ಮಾಡೋದನ್ನ ಮರೆತಿರಿ. ಹಾಲು ಒಡೆದದ್ದು ನನಗೆ ನೆನಪಿದೆ."

ಹಾಳೆ, ಪೆನ್ನು ಹಿಡಿದು ಮತ್ತೆಲ್ಲ ಮಾಡಿದೆ. ಸಿಕ್ಕಿತು. ಮದರ್‌ಬೋರ್ಡಿನ ಮೇಲೆ, ಒಂದು ಇಡ್ಲಿಗಿಂತ ಚಿಕ್ಕ ಫ್ಯಾನ್. ಅದರ ಕೆಳಗಿರುವುದು ಚಿಪ್‌ಸೆಟ್. ಡಿಸ್ಕು, ಕೀಬೋರ್ಡು, ಮೈಕು ಇವುಗಳ ಸಂದೇಶಗಳನ್ನೆಲ್ಲ ಆಚೆಗೆ ಈಚೆಗೆ ಸಾಗಿಸುವ ಚಿಪ್. ದುಡಿದು ಬಿಸಿಯಾಗುತ್ತದೆ. ಅದಕ್ಕೆ ಗಾಳಿ ಹಾಕುತ್ತ ಹಾಕುತ್ತ ಫ್ಯಾನಿನ ಬೇರಿಂಗ್ ಸವೆದಿತ್ತು.

"ಕಂಪ್ಯೂಟರ್ ತಂದ ದಿನ ಇದು ಒಂದಿಷ್ಟೂ ಸದ್ದು ಮಾಡುತ್ತಿರಲಿಲ್ಲ. ಚೆನ್ನಾಗಿ ನೆನಪಿದೆ," ಎಂದೆ.

"ತಂದ ದಿನ ನೀವು ಪುಣೆಯಲ್ಲಿದ್ದಿರಿ. ತಂದದ್ದು ನಾನು."

ನನ್ನದು ಹೀಗೇ. ಯಾರು ಏನು ಹೇಳಿದರೂ ಪುರಾವೆ ಕೇಳುವವನು ನಾನು. ನನ್ನ ನೆನಪಿಗೆ ಮಾತ್ರ ಯಾವತ್ತೂ ಪುರಾವೆ ಕೇಳಿದವನಲ್ಲ. ಈಚೆಗೆ ಕೇಳತೊಡಗಿದ್ದೇನೆ. ಅದು ಉತ್ತರ ಕೊಡುತ್ತಿಲ್ಲ.

ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಸುಧಾಕರನ ರಿಪೇರಿ ಅಂಗಡಿ ಇದೆ. ಐವತ್ತರ ಆಸುಪಾಸಿನ ಉಡುಪಿ ಕಡೆಯವನು. ಹಗಲು ಫೋರ್ಟಿನ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದು, ಸಂಜೆ ಕ್ಲಾಸಿನಲ್ಲಿ ಈ ವಿದ್ಯೆ ಕಲಿತವನು. ನಾನು ಒಯ್ದ ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿದ.

"ಹೊಸ ಫ್ಯಾನ್ ಹಾಕ್ಬಹುದು ಮಾಸ್ಟ್ರೇ. ಎರಡು ವರ್ಷ ಸುಮ್ಮನೆ ಇರ್ತದೆ. ಮತ್ತೆ ಇದೇ ಕತೆ. ಫ್ಯಾನೇ ಬೇಡ, ಹೀಟ್‌ಸಿಂಕ್ ಹಾಕುವ."

ಹೀಟ್‌ಸಿಂಕ್ ಎಂದರೆ ಅಲ್ಯೂಮಿನಿಯಮ್ಮಿನ ಒಂದು ತುಂಡು. ಮೇಲೆಲ್ಲ ಬಾಚಣಿಗೆಯ ಹಲ್ಲಿನಂಥ ತೆಳು ಪಟ್ಟಿಗಳು. ತಿರುಗುವುದಿಲ್ಲ, ಅಲುಗುವುದಿಲ್ಲ.

"ಗಾಳಿ ಬೀಸದೆ ಇಷ್ಟು ಬಿಸಿ ಆರುತ್ತದೆಯೇ?" ಎಂದೆ.

"ಎಂತ ಮಾಸ್ಟ್ರೇ, ನೀವು ಫಿಸಿಕ್ಸ್ ಕಲಿಸಿದ್ದಲ್ವಾ?" ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. "ಹೋಟೆಲಲ್ಲಿ ಚಿತ್ರಾನ್ನಕ್ಕೆ ಅನ್ನ ಆರಿಸುದು ನನ್ನ ಕೆಲಸ. ಮೊದಲ ದಿವಸ ಪಾತ್ರೆ ಎದುರು ಟೇಬಲ್ ಫ್ಯಾನ್ ಇಟ್ಟೆ. ಮೇಲಿನ ಅನ್ನ ಒಣಗಿ ಕಡ್ಡಿ ಆಯ್ತು, ಒಳಗೆ ಬಿಸಿ ಹಾಗೇ ಉಂಟು. ಭಟ್ರು ಬೈದ್ರು, ‘ಗಾಳಿ ಹಾಕ್ಬೇಡ ಮಾರಾಯ, ಹರಡು’ ಅಂತ. ದೊಡ್ಡ ಹರಿವಾಣದಲ್ಲಿ ಹರಡಿ ಬಿಟ್ರೆ ಆಯ್ತು. ಅದ್ರಷ್ಟಕ್ಕೇ ಆರ್ತದೆ. ಇದು ಹರಿವಾಣ, ಮಡಚಿ ಇಟ್ಟದ್ದು. ಅಷ್ಟೇ."

ಶಾಖ ಹೊರಹೋಗುವ ಸೂತ್ರದಲ್ಲಿ ಮೇಲ್ಮೈ ವಿಸ್ತೀರ್ಣಕ್ಕೆ ಒಂದು ಅಕ್ಷರ ಇದೆ. ಅದನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಅದು ಹರಿವಾಣ ಎಂದು ಯಾವ ವಿದ್ಯಾರ್ಥಿಗೂ ಹೇಳಿದ ನೆನಪಿಲ್ಲ.

ನೋಡಿ, ನಮ್ಮ ಬುದ್ಧಿಯೇ ಹಾಗೆ. ಎಲ್ಲಿ ಬಿಸಿಯಾಯಿತೋ ಅಲ್ಲೊಂದು ಫ್ಯಾನ್ ಇಡುತ್ತೇವೆ. ನಮ್ಮ ಸೊಸೈಟಿಯಲ್ಲಿ ಜಗಳ ಬಿಸಿಯಾದಾಗ ಏನು ಮಾಡಿದೆವು? ಮೈಕ್ ಕೊಂಡೆವು.

ಸುಧಾಕರ ಫ್ಯಾನ್ ಬಿಚ್ಚಿದ. ಚಿಪ್ ಮೇಲೆ ನಿನ್ನೆಯ ಚಟ್ನಿಯಂತೆ ಒಣಗಿದ್ದ, ಶಾಖ ಸಾಗಿಸುವ ಪೇಸ್ಟ್ ಒರೆಸಿ, ಹೊಸ ಪೇಸ್ಟ್ ಒಂದು ಮೆಣಸಿನ ಕಾಳಿನಷ್ಟು ಇಟ್ಟು, ಹೀಟ್‌ಸಿಂಕ್ ಕೂರಿಸಿದ. ಸ್ಕ್ರೂಗಳನ್ನು ಈ ಮೂಲೆ, ಆ ಮೂಲೆ ಎಂದು ಸ್ವಲ್ಪ ಸ್ವಲ್ಪವೇ ಬಿಗಿದ (ಒಂದೇ ಕಡೆ ಬಿಗಿದರೆ ಚಿಪ್ಪಿನ ಅಂಚು ಒಡೆಯುತ್ತದಂತೆ). "ಡಬ್ಬವನ್ನು ಗೋಡೆಗೆ ತಾಗಿಸಿ ಇಡ್ಬೇಡಿ. ಹಿಂದಿನ ದೊಡ್ಡ ಫ್ಯಾನ್ ನಿಧಾನ ತಿರುಗ್ಲಿ, ಅದು ಸದ್ದು ಮಾಡುದಿಲ್ಲ," ಎಂದು ಕಳಿಸಿದ.

ನನಗೆ ನಂಬಿಕೆ ಎಲ್ಲಿಂದ ಬರಬೇಕು? ಎರಡು ಗಂಟೆ ಪರದೆಯ ಮೇಲೆ ಚಿಪ್‌ನ ಉಷ್ಣತೆಯ ಅಂಕಿ ನೋಡುತ್ತ ಕೂತೆ. ಏರಿತು. ಇನ್ನೂ ಏರಿತು. ಆಮೇಲೆ ಒಂದು ಕಡೆ ನಿಂತಿತು. ಅಲ್ಲೇ ನಿಂತಿತು. ಒಂದು ಪಾಠ ಓದಿ ಕಳಿಸಿದೆ.

ಮರುದಿನ ಶಕುಂತಲಾರ ವಾಯ್ಸ್ ಮೆಸೇಜ್.

"ಸರ್ರ, ಜೀರುಂಡಿ ಪೂರ ಹೋತ್ರಿ. ಕಿವಿಗೆ ತಂಪಾತು. ವಿಕ್ರೋಳಿಯಿಂದ ಆಫೀಸ್ ತನಕ ಇಡೀ ಪಾಠ ಕೇಳಿದೆ. ಆದ್ರ ಒಂದು ಮಾತು. ಹದಿನೇಳನೇ ಮಿನಿಟಿಗೆ ನೀವು ಹಾಳಿ ತಿರುವೀರಲ್ಲ, ಆ ಸಪ್ಪಳ ದಪ್ಪ ಐತ್ರಿ. ಅದು ಒಂದ ಹಾಳಿ ಅಲ್ಲ, ಎರಡು. ಒಮ್ಮೆ ನೋಡ್ರಿ."

ಸಾಧ್ಯವೇ ಇಲ್ಲ. ನಾನು ಒಂದು ಸಾಲನ್ನೂ ಬಿಡುವವನಲ್ಲ. ಪುಸ್ತಕ ತೆಗೆದೆ. ಮುಂಬಯಿಯ ತೇವಕ್ಕೆ ಎರಡು ಹಾಳೆ ಅಂಟಿಕೊಂಡಿದ್ದವು. ಎರಡು ಪುಟ ಹಾರಿಸಿ ಓದಿದ್ದೆ. (ಅದು ವಿಮರ್ಶೆಯ ಪುಸ್ತಕ. ನಡುವೆ ಎರಡು ಪುಟ ಹೋದರೂ ವಾಕ್ಯ ಸರಾಗವಾಗಿ ಸಾಗಿತ್ತು.)

ಈ ಪಾಠದಲ್ಲಿ ಹೀಗಾದರೆ ಹಳೆಯ ಪಾಠಗಳಲ್ಲಿ? ಅವುಗಳಲ್ಲಿ ಫ್ಯಾನಿನ ಸದ್ದು ಹಾಳೆಯ ಸದ್ದನ್ನು ನುಂಗಿಹಾಕಿದೆ. ಶಕುಂತಲಾಗೂ ಗೊತ್ತಾಗಿರುವುದಿಲ್ಲ. ಕೊನೆಯ ಅವಕಾಶದ ಪೇಪರು, ಪ್ರಶ್ನೆ ಆ ಪುಟದಿಂದಲೇ ಬಂದರೆ?

ಪುಸ್ತಕ ಮುಂದಿಟ್ಟುಕೊಂಡು ಹಳೆಯ ರೆಕಾರ್ಡಿಂಗ್‌ಗಳನ್ನೆಲ್ಲ ಕೇಳಿದೆ. ನಾಲ್ಕು ದಿನ ಹಿಡಿಯಿತು. ಮೂರು ಕಡೆ ಪುಟ ಬಿಟ್ಟಿದ್ದೆ. ಬಿಟ್ಟದ್ದು ನನಗೆ ನೆನಪಿಲ್ಲ. ಓದಿದ್ದು ಮಾತ್ರ ಸ್ಪಷ್ಟವಾಗಿ ನೆನಪಿತ್ತು, ಓದದ ಪುಟಗಳನ್ನು ಕೂಡ.

ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

"ಈಗರ ಸಿಕ್ಕಾವಲ್ರಿ," ಎಂದರು ಶಕುಂತಲಾ. "ಇನ್ನೂ ಎರಡು ವಾರದ ಮ್ಯಾಲೆ ಐತಿ. ಓದಿ ಕಳಸ್ರಿ. ನಾ ಬರೀತೀನಿ."

ಆ ‘ಬರೀತೀನಿ’ಯಲ್ಲಿ ನನಗಿಲ್ಲದ ಭರವಸೆ ಇತ್ತು. ಬಿಟ್ಟ ಪುಟಗಳನ್ನೆಲ್ಲ ಓದಿ ಕಳಿಸಿದೆ. ಮತ್ತೆ ಯಾಮಾರಬಾರದೆಂದು ಈಗ ಪ್ರತಿ ಪುಟದ ಆರಂಭದಲ್ಲಿ ಅದರ ನಂಬರನ್ನು ಗಟ್ಟಿಯಾಗಿ ಹೇಳುತ್ತೇನೆ. ಕೋಣೆಯಲ್ಲಿ ಬೇರೆ ಸದ್ದಿಲ್ಲ. ಹೀಟ್‌ಸಿಂಕ್ ತನ್ನ ಪಾಡಿಗೆ ಆರುತ್ತಿರುತ್ತದೆ.

ನಿನ್ನೆ ಮತ್ತೆ ಮೆಸೇಜ್ ಬಂತು.

"ನಂಬರ್ ಹೇಳೂದು ಛಲೋ ಆತ್ರಿ ಸರ್ರ. ಎಲ್ಲಾ ತಲ್ಯಾಗ ಕುಂತೈತಿ. ಆದ್ರ ನಲವತ್ತೆರಡನೇ ಪುಟ ಎರಡು ಸಲ ಓದೀರಿ."

ಎರಡು ಸಲ ಓದಿದೆನೇ? ನನಗೆ ನೆನಪಿಲ್ಲ. ಅವರಿಗಿದೆ. ಪರೀಕ್ಷೆ ಬರೆಯುವವರೂ ಅವರೇ ತಾನೇ?